ಸಂಶೋಧನೆಯ ಪರೋಕ್ಷ ವೆಚ್ಚ ಮತ್ತು ದತ್ತಿ ಪ್ರತಿಷ್ಠಾನಗಳು

ವಿಶ್ವವಿದ್ಯಾಲಯವೊಂದರಲ್ಲಿ ನಡೆಯುವ ಸಂಶೋಧನೆಯ ಖರ್ಚುಗಳ ಪೈಕಿ, ಯಾವುದೇ ಒಂದು ಯೋಜನೆಯ ಲೆಕ್ಕಕ್ಕೆ ಬಿಡಿಯಾಗಿ ಬರೆಯಲಾಗದ, ಆದರೆ ಎಲ್ಲ ಯೋಜನೆಗಳಿಗೂ ಅವಶ್ಯಕವಾದ ಖರ್ಚನ್ನು ಪರೋಕ್ಷ ವೆಚ್ಚ ಎಂದು ಕರೆಯಲಾಗುತ್ತದೆ. ಕಟ್ಟಡದ ಸವಕಳಿ, ವಿದ್ಯುತ್ತು, ನೀರು, ಗ್ರಂಥಾಲಯ, ಲೆಕ್ಕಪತ್ರ ವಿಭಾಗ, ಸುರಕ್ಷತಾ ತಪಾಸಣೆ ಮೊದಲಾದವು ಇದರಲ್ಲಿ ಸೇರುತ್ತವೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಓವರ್‌ಹೆಡ್ ಎಂಬ ಹೆಸರೇ ಬಳಕೆಯಲ್ಲಿದೆ. ಅಮೆರಿಕದ ಸರ್ಕಾರಿ ಕಡತಗಳಲ್ಲಿ ಇದನ್ನು ಸೌಲಭ್ಯ ಮತ್ತು ಆಡಳಿತ ವೆಚ್ಚ ಎಂದು ಹೆಸರಿಸಲಾಗಿದೆ.

ಸಂಶೋಧನೆಗೆ ಹಣ ಕೊಡುವ ಸರ್ಕಾರಗಳು ಈ ವೆಚ್ಚದ ದೊಡ್ಡ ಭಾಗವನ್ನು ಭರಿಸುವುದು ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ರೂಢಿಯಾಗಿದೆ. ಖಾಸಗಿ ದತ್ತಿ ಪ್ರತಿಷ್ಠಾನಗಳು ಹಾಗಲ್ಲ. ಅವು ನೇರ ವೆಚ್ಚದ ಮೇಲೆ ಶೇ. 10ರಿಂದ 20ರಷ್ಟನ್ನು ಮಾತ್ರ ಕೊಡುತ್ತವೆ. ಕೆಲವು ಏನನ್ನೂ ಕೊಡುವುದಿಲ್ಲ. ಉಳಿದದ್ದನ್ನು ವಿಶ್ವವಿದ್ಯಾಲಯವೇ ತನ್ನ ಬೇರೆ ಆದಾಯದಿಂದ ತುಂಬಿಕೊಳ್ಳಬೇಕಾಗುತ್ತದೆ. ಈ ವ್ಯತ್ಯಾಸವು ಬಹುಕಾಲ ಲೆಕ್ಕಪತ್ರ ವಿಭಾಗಗಳ ಒಳಗಿನ ವಿಷಯವಾಗಿಯೇ ಉಳಿದಿತ್ತು. 2025ರಲ್ಲಿ ಅಮೆರಿಕ ಸರ್ಕಾರವು ಪ್ರತಿಷ್ಠಾನಗಳ ದರವನ್ನೇ ಮುಂದಿಟ್ಟು ತನ್ನ ದರವನ್ನೂ ಇಳಿಸಲು ಹೊರಟಾಗ ಅದು ನ್ಯಾಯಾಲಯದ ಮೆಟ್ಟಿಲೇರಿತು.

ನೇರ ವೆಚ್ಚ, ಪರೋಕ್ಷ ವೆಚ್ಚ

ಕ್ಷಯರೋಗದ ಔಷಧವೊಂದನ್ನು ಕುರಿತು ಸಂಶೋಧನೆ ನಡೆಯುತ್ತಿದೆ ಎಂದಿಟ್ಟುಕೊಂಡರೆ, ಸಂಶೋಧಕರ ಸಂಬಳ, ರಾಸಾಯನಿಕಗಳು, ಅದಕ್ಕೆಂದೇ ಕೊಂಡ ಉಪಕರಣ, ಪ್ರಯಾಣ ಇವೆಲ್ಲ ನೇರ ವೆಚ್ಚಗಳು. ರಸೀದಿಯ ಮೇಲೆ ಯೋಜನೆಯ ಹೆಸರನ್ನು ಬರೆದುಕೊಳ್ಳಲು ಸಾಧ್ಯವಿರುವುದು ಇವುಗಳ ಲಕ್ಷಣ. ಆದರೆ ಅದೇ ಪ್ರಯೋಗಾಲಯದಲ್ಲಿ ಹಗಲಿರುಳೂ ಓಡುವ ಶೀತಕಗಳ ವಿದ್ಯುತ್ ಬಿಲ್ಲು ಇಡೀ ಕಟ್ಟಡಕ್ಕೆ ಒಂದೇ ಬರುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಸಾಗಿಸುವವರು, ಪ್ರಯೋಗಪ್ರಾಣಿಗಳ ಗೃಹವನ್ನು ನೋಡಿಕೊಳ್ಳುವವರು, ಮಾನವ ಪ್ರಯೋಗಗಳಿಗೆ ಅನುಮತಿ ನೀಡುವ ನೈತಿಕ ಸಮಿತಿಯ ಕಾರ್ಯಾಲಯ, ಅನುದಾನದ ಲೆಕ್ಕವನ್ನು ಒಪ್ಪಿಸುವ ಗುಮಾಸ್ತರು, ಇವರೆಲ್ಲರೂ ಹತ್ತಾರು ಯೋಜನೆಗಳಿಗೆ ಏಕಕಾಲದಲ್ಲಿ ದುಡಿಯುತ್ತಾರೆ. ಇವರ ವೆಚ್ಚವನ್ನು ಯೋಜನೆಗಳ ನಡುವೆ ಯಾವುದಾದರೊಂದು ಸೂತ್ರದಿಂದ ಹಂಚಬೇಕೇ ಹೊರತು ಬಿಡಿಬಿಡಿಯಾಗಿ ಎಣಿಸಲು ಬರುವುದಿಲ್ಲ.

ಪರೋಕ್ಷ ಎಂಬ ವಿಶೇಷಣವು ಕೆಲವರಲ್ಲಿ ತಪ್ಪು ಕಲ್ಪನೆಯನ್ನು ಹುಟ್ಟಿಸುತ್ತದೆ. ಪರೋಕ್ಷವೆಂದರೆ ಅನಗತ್ಯ ಎಂದರ್ಥವಲ್ಲ. ಲೆಕ್ಕ ಬರೆಯುವ ಕ್ರಮವನ್ನಷ್ಟೇ ಅದು ಸೂಚಿಸುತ್ತದೆ. ಒಂದೇ ಖರ್ಚು ಒಂದು ಸಂಸ್ಥೆಯಲ್ಲಿ ನೇರವಾಗಿಯೂ ಇನ್ನೊಂದರಲ್ಲಿ ಪರೋಕ್ಷವಾಗಿಯೂ ಗಣನೆಯಾಗಬಹುದು. ಬಾಡಿಗೆ ಕಟ್ಟಡದಲ್ಲಿ ನಡೆಯುವ ಸ್ವಯಂಸೇವಾ ಸಂಸ್ಥೆಯೊಂದು ಬಾಡಿಗೆಯನ್ನು ಯೋಜನೆಯ ನೇರ ವೆಚ್ಚವೆಂದು ತೋರಿಸಬಲ್ಲದು. ಸ್ವಂತ ಕಟ್ಟಡವುಳ್ಳ ವಿಶ್ವವಿದ್ಯಾಲಯಕ್ಕೆ ಅದೇ ಜಾಗದ ವೆಚ್ಚವು ಸವಕಳಿಯ ರೂಪದಲ್ಲಿ ಪರೋಕ್ಷದೊಳಗೆ ಸೇರಿಹೋಗಿರುತ್ತದೆ. ಮುಂದೆ ಹೇಳಲಾಗುವ ವಿವಾದಗಳಲ್ಲಿ ಅರ್ಧದಷ್ಟು ಈ ಒಂದು ಅಂಶದಿಂದಲೇ ಹುಟ್ಟಿದವು.

ದರದ ಲೆಕ್ಕಾಚಾರ

ಅಮೆರಿಕದಲ್ಲಿ ಪ್ರತಿಯೊಂದು ದೊಡ್ಡ ವಿಶ್ವವಿದ್ಯಾಲಯವೂ ಕೇಂದ್ರ ಸರ್ಕಾರದೊಂದಿಗೆ ಮಾತುಕತೆ ನಡೆಸಿ ಒಂದು ಪರೋಕ್ಷ ವೆಚ್ಚ ದರವನ್ನು ನಿಗದಿಪಡಿಸಿಕೊಳ್ಳುತ್ತದೆ. ಬಹುತೇಕ ಸಂಸ್ಥೆಗಳ ಪಾಲಿಗೆ ಈ ಮಾತುಕತೆ ಆರೋಗ್ಯ ಮತ್ತು ಮಾನವ ಸೇವಾ ಇಲಾಖೆಯೊಂದಿಗೆ ನಡೆಯುತ್ತದೆ. ಕೆಲವಕ್ಕೆ ನೌಕಾಪಡೆಯ ಸಂಶೋಧನಾ ಕಚೇರಿಯೊಂದಿಗೆ. ಸಂಸ್ಥೆಯ ಹಿಂದಿನ ವರ್ಷಗಳ ನಿಜವಾದ ಖರ್ಚು ಇದಕ್ಕೆ ಆಧಾರ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ದರವು ಸಾಮಾನ್ಯವಾಗಿ ಶೇ. 50ರಿಂದ 60ರ ನಡುವೆ ಇರುತ್ತದೆ. 2025ರ ಆರಂಭದಲ್ಲಿ ಹಾರ್ವರ್ಡ್‌ನ ದರ ಶೇ. 69, ಯೇಲ್‌ನದು ಶೇ. 67.5, ಜಾನ್ಸ್ ಹಾಪ್ಕಿನ್ಸ್‌ನದು ಶೇ. 63.7 ಆಗಿತ್ತು.

ಈ ಅಂಕಿಗಳನ್ನು ಓದುವಾಗ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಶೇ. 60ರ ದರವೆಂದರೆ ಅನುದಾನದ ನೂರು ಡಾಲರಿನಲ್ಲಿ 60 ಡಾಲರ್ ಓವರ್‌ಹೆಡ್‌ಗೆ ಹೋಗುತ್ತದೆ ಎಂದಲ್ಲ. ನೂರು ಡಾಲರ್ ನೇರ ವೆಚ್ಚಕ್ಕೆ ಮೇಲೆ 60 ಡಾಲರ್ ಸೇರಿ ಒಟ್ಟು 160 ಆಗುತ್ತದೆ ಎಂದು ಅದರ ಅರ್ಥ. ಒಟ್ಟು ಮೊತ್ತದಲ್ಲಿ ಪರೋಕ್ಷದ ಪಾಲು ಶೇ. 37.5. ಪತ್ರಿಕಾ ವರದಿಗಳಲ್ಲಿ ಈ ಎರಡನ್ನೂ ಒಂದೇ ಎಂದು ಭಾವಿಸುವ ತಪ್ಪು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಎರಡನೆಯದಾಗಿ, ಸರ್ಕಾರಿ ಅನುದಾನದಲ್ಲಿ ದರವನ್ನು ಇಡೀ ನೇರ ವೆಚ್ಚದ ಮೇಲೆ ಹಾಕುವುದಿಲ್ಲ. ದುಬಾರಿ ಉಪಕರಣ, ವಿದ್ಯಾರ್ಥಿಗಳ ಬೋಧನಾ ಶುಲ್ಕ, ಬೇರೆ ಸಂಸ್ಥೆಗೆ ಕೊಡುವ ಉಪ-ಅನುದಾನದ ಬಹುಭಾಗ ಇವನ್ನು ಕಳೆದು ಉಳಿದ ಆಧಾರ ಮೊತ್ತದ ಮೇಲೆ ಮಾತ್ರ ಹಾಕಲಾಗುತ್ತದೆ. ಅನೇಕ ಪ್ರತಿಷ್ಠಾನಗಳು ತಮ್ಮ ಸಣ್ಣ ದರವನ್ನು ಏನನ್ನೂ ಕಳೆಯದೆ ಇಡೀ ನೇರ ವೆಚ್ಚದ ಮೇಲೆ ಕೊಡುತ್ತವೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಯೋಜನೆಯ ನೇರ ವೆಚ್ಚ 5,00,000 ಡಾಲರ್. ಅದರಲ್ಲಿ ಉಪಕರಣಕ್ಕೆ 1,00,000, ಬೋಧನಾ ಶುಲ್ಕಕ್ಕೆ 50,000. ಇವೆರಡನ್ನೂ ಕಳೆದರೆ ಆಧಾರ ಮೊತ್ತ 3,50,000. ಶೇ. 60ರ ದರದಲ್ಲಿ ಸರ್ಕಾರ ಕೊಡುವ ಪರೋಕ್ಷ ವೆಚ್ಚ 2,10,000 ಡಾಲರ್. ಇದು ನೇರ ವೆಚ್ಚದ ಶೇ. 42 ಮಾತ್ರ. ಅದೇ ಯೋಜನೆಗೆ ಶೇ. 10ರ ದರದಲ್ಲಿ ಪ್ರತಿಷ್ಠಾನ ಕೊಡುವುದು 50,000 ಡಾಲರ್. ಯೋಜನಾ ವ್ಯವಸ್ಥಾಪಕರ ಸಂಬಳ, ಪ್ರಯೋಗಾಲಯದ ಜಾಗ ಮುಂತಾದ 40,000 ಡಾಲರಿನ ಬಾಬ್ತನ್ನು ನೇರ ವೆಚ್ಚವೆಂದು ತೋರಿಸಲು ಪ್ರತಿಷ್ಠಾನ ಒಪ್ಪಿದರೆ, ಅದರ ಮೇಲಿನ ಶೇ. 10 ಸೇರಿ ವಿಶ್ವವಿದ್ಯಾಲಯಕ್ಕೆ ದೊರೆಯುವುದು 94,000. ಆಗಲೂ 1,16,000 ಡಾಲರಿನ ಕೊರತೆ ಉಳಿಯುತ್ತದೆ. ಶೇ. 60 ಮತ್ತು ಶೇ. 10 ಎಂಬ ಹೋಲಿಕೆ ಕಾಣುವಷ್ಟು ಭೀಕರವಲ್ಲ. ಆದರೆ ಕೊರತೆ ಇಲ್ಲವೆಂದು ಹೇಳುವಂತೆಯೂ ಇಲ್ಲ.

ಇತಿಹಾಸ

ಎರಡನೆಯ ಮಹಾಯುದ್ಧಕ್ಕೆ ಮೊದಲು ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೇಂದ್ರ ಸರ್ಕಾರದ ಹಣ ಬಹಳ ಕಡಿಮೆ ಬರುತ್ತಿತ್ತು. ರಾಕ್‌ಫೆಲರ್ ಪ್ರತಿಷ್ಠಾನ, ನ್ಯೂಯಾರ್ಕಿನ ಕಾರ್ನೆಗಿ ಕಾರ್ಪೊರೇಷನ್ ಮೊದಲಾದ ದತ್ತಿಗಳೇ ಪ್ರಮುಖ ಆಶ್ರಯದಾತರು. ಅವುಗಳ ಅನುದಾನವನ್ನು ವಿದ್ಯಾಸಂಸ್ಥೆಯ ಸ್ವಂತ ಕೆಲಸಕ್ಕೆ ದೊರೆತ ನೆರವು ಎಂದು ಪರಿಗಣಿಸಲಾಗುತ್ತಿದ್ದ ಕಾರಣ ದೀಪದ ಎಣ್ಣೆಗೂ ಹಣ ಕೊಡಿ ಎಂದು ಯಾರೂ ಒತ್ತಾಯಿಸುತ್ತಿರಲಿಲ್ಲ.

ಯುದ್ಧವು ಈ ಸಂಬಂಧವನ್ನು ಬದಲಿಸಿತು. 1941ರಲ್ಲಿ ಸ್ಥಾಪನೆಯಾಗಿ ವ್ಯಾನೆವರ್ ಬುಷ್ ಅವರ ನೇತೃತ್ವದಲ್ಲಿ ನಡೆದ ವೈಜ್ಞಾನಿಕ ಸಂಶೋಧನೆ ಮತ್ತು ಅಭಿವೃದ್ಧಿ ಕಚೇರಿಯು ವಿಶ್ವವಿದ್ಯಾಲಯಗಳೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸ ವಹಿಸತೊಡಗಿತು. ಇಲ್ಲಿ ಸರ್ಕಾರವು ದಾನಿಯಾಗಿರಲಿಲ್ಲ, ಕೆಲಸ ಮಾಡಿಸಿಕೊಳ್ಳುವ ಪಕ್ಷವಾಗಿತ್ತು. ಆದ್ದರಿಂದ ಲಾಭವೂ ಬೇಡ, ನಷ್ಟವೂ ಬೇಡ ಎಂಬ ತತ್ತ್ವವನ್ನು ಅನುಸರಿಸಿ, ಸಂಬಳದ ವೆಚ್ಚದ ಅರ್ಧದಷ್ಟನ್ನು ಓವರ್‌ಹೆಡ್ ಎಂದು ಕೊಡುವ ಪದ್ಧತಿ ಬಂದಿತು. ಯುದ್ಧಾನಂತರ ನೌಕಾಪಡೆಯ ಸಂಶೋಧನಾ ಕಚೇರಿ ಈ ತತ್ತ್ವವನ್ನು ಮುಂದುವರಿಸಿತು. 1958ರಲ್ಲಿ ಆಯವ್ಯಯ ಕಚೇರಿಯು ಹೊರಡಿಸಿದ ಎ-21 ಎಂಬ ಸುತ್ತೋಲೆ ವೆಚ್ಚಗಳ ವರ್ಗೀಕರಣಕ್ಕೆ ಏಕರೂಪ ನಿಯಮಗಳನ್ನು ಕೊಟ್ಟಿತು. ಅದು 2014ರ ಕೊನೆಯವರೆಗೆ, ಅನೇಕ ತಿದ್ದುಪಡಿಗಳೊಂದಿಗೆ, ಜಾರಿಯಲ್ಲಿತ್ತು. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಮಾತ್ರ ತಮ್ಮ ಅನುದಾನವನ್ನು ನೆರವು ಎಂದೇ ಭಾವಿಸಿ 1950ರ ದಶಕದಲ್ಲಿ ಶೇ. 15ರ, 1963ರಿಂದ ಶೇ. 20ರ ಮಿತಿಯನ್ನು ಇಟ್ಟುಕೊಂಡಿದ್ದವು. 1966ರಲ್ಲಿ ಆ ಮಿತಿಯನ್ನು ತೆಗೆಯಲಾಯಿತು. ಅಂದಿನಿಂದ ಸರ್ಕಾರದ ದಾರಿಯೂ ಪ್ರತಿಷ್ಠಾನಗಳ ದಾರಿಯೂ ಬೇರೆಯಾದವು.

1991ರ ಸ್ಟ್ಯಾನ್‌ಫರ್ಡ್ ಪ್ರಕರಣವು ಈ ವಿಷಯವನ್ನು ಸಾಮಾನ್ಯ ಜನರ ಬಾಯಿಗೆ ತಂದಿತು. ನೌಕಾಪಡೆಯ ಸಂಶೋಧನಾ ಕಚೇರಿಯಿಂದ ಸ್ಟ್ಯಾನ್‌ಫರ್ಡ್‌ಗೆ ನಿಯುಕ್ತರಾಗಿದ್ದ ಅಧಿಕಾರಿ ಪಾಲ್ ಬಿಡಲ್ ಅವರು ವಿಶ್ವವಿದ್ಯಾಲಯದ ಲೆಕ್ಕಗಳ ಬಗ್ಗೆ ಆಕ್ಷೇಪ ಎತ್ತಿದರು. ಸಂಸದ ಜಾನ್ ಡಿಂಗೆಲ್ ಅವರ ಉಪಸಮಿತಿ ವಿಚಾರಣೆ ನಡೆಸಿತು. ದಾನವಾಗಿ ಬಂದಿದ್ದ ವಿಹಾರನೌಕೆಯೊಂದರ ಸವಕಳಿ, ಅಧ್ಯಕ್ಷರ ನಿವಾಸದ ಹೂವಿನ ಅಲಂಕಾರ, ಪೀಠೋಪಕರಣ ಮುಂತಾದವು ಪರೋಕ್ಷ ವೆಚ್ಚದ ಲೆಕ್ಕದೊಳಗೆ ಸೇರಿದ್ದುದು ಬಯಲಾಯಿತು. ಅಧ್ಯಕ್ಷ ಡೊನಾಲ್ಡ್ ಕೆನಡಿ ಅವರು ಹುದ್ದೆಯನ್ನು ಬಿಡುವುದಾಗಿ ಪ್ರಕಟಿಸಿದರು. ಶೇ. 74 ಇದ್ದ ದರವನ್ನು ಸರ್ಕಾರ ಶೇ. 55.5ಕ್ಕೆ ಇಳಿಸಿತು. ಮೂರು ವರ್ಷಗಳ ನಂತರ, 1994ರಲ್ಲಿ, ವಂಚನೆ ನಡೆದಿಲ್ಲವೆಂದು ಸರ್ಕಾರವೇ ಒಪ್ಪಿ, ಸುಮಾರು 12 ಲಕ್ಷ ಡಾಲರ್ ಪಾವತಿಯೊಂದಿಗೆ ವ್ಯಾಜ್ಯ ಮುಗಿಯಿತು. ಆದರೆ ಹೂವು ಮತ್ತು ವಿಹಾರನೌಕೆಯ ಕಥೆ ಜನಮನದಲ್ಲಿ ಉಳಿದಷ್ಟು ಈ ಮುಕ್ತಾಯ ಉಳಿಯಲಿಲ್ಲ. ಪ್ರಕರಣದ ಶಾಶ್ವತ ಫಲವೆಂದರೆ, ವಿಶ್ವವಿದ್ಯಾಲಯಗಳ ದರದಲ್ಲಿ ಆಡಳಿತದ ಭಾಗವು ಶೇ. 26ನ್ನು ಮೀರಬಾರದೆಂಬ ಮಿತಿ. 1991ರ ಈ ಮಿತಿ ಈಗಲೂ ಮುಂದುವರಿದಿದೆ. ಅಂದರೆ ಆ ನಂತರ ದೊಡ್ಡ ಸಂಸ್ಥೆಗಳ ದರಗಳಲ್ಲಿ ಕಂಡುಬಂದ ಏರಿಕೆಯು ಬಹುಮಟ್ಟಿಗೆ ಕಟ್ಟಡ ಮತ್ತು ಸೌಲಭ್ಯಗಳ ಭಾಗದ್ದು.

ಪ್ರತಿಷ್ಠಾನಗಳ ನೀತಿ

ಗೇಟ್ಸ್ ಪ್ರತಿಷ್ಠಾನವು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಗರಿಷ್ಠ ಶೇ. 10, ಸ್ವಯಂಸೇವಾ ಸಂಸ್ಥೆಗಳಿಗೆ ಗರಿಷ್ಠ ಶೇ. 15 ಪರೋಕ್ಷ ವೆಚ್ಚವನ್ನು ಕೊಡುತ್ತದೆ. ಲಾಭೋದ್ದೇಶದ ಕಂಪನಿಗಳಿಗೆ ಏನೂ ಇಲ್ಲ. ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ದರ ಶೇ. 12. ಪ್ಯಾಕರ್ಡ್ ಪ್ರತಿಷ್ಠಾನ, ಜಾನ್ ಟೆಂಪಲ್ಟನ್ ಪ್ರತಿಷ್ಠಾನ, ಚಾನ್ ಜುಕರ್‌ಬರ್ಗ್ ಇನಿಷಿಯೇಟಿವ್ ಶೇ. 15ರವರೆಗೆ ಕೊಡುತ್ತವೆ. ಇವು 2025ರ ಆರಂಭದ ಅಂಕಿಗಳು. ಯುವ ವಿಜ್ಞಾನಿಗಳಿಗೆ ನೀಡಲಾಗುವ ಸ್ಲೋನ್ ಸಂಶೋಧನಾ ಫೆಲೋಶಿಪ್‌ನ ಹಣದಲ್ಲಿ ಓವರ್‌ಹೆಡ್ ಕಳೆದುಕೊಳ್ಳಲು ವಿಶ್ವವಿದ್ಯಾಲಯಕ್ಕೆ ಅವಕಾಶವೇ ಇಲ್ಲ.

ಹೊವಾರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಬೇರೊಂದು ಮಾರ್ಗವನ್ನು ಹಿಡಿದಿದೆ. ಅದು ಆಯ್ದ ವಿಜ್ಞಾನಿಗಳನ್ನು ತನ್ನ ನೌಕರರನ್ನಾಗಿಯೇ ನೇಮಿಸಿಕೊಂಡು, ಅವರು ಮೊದಲಿದ್ದ ವಿಶ್ವವಿದ್ಯಾಲಯದಲ್ಲಿಯೇ ಮುಂದುವರಿಯಲು ಬಿಟ್ಟು, ಅವರ ಪ್ರಯೋಗಾಲಯದ ಜಾಗಕ್ಕಾಗಿ ಆ ವಿಶ್ವವಿದ್ಯಾಲಯಕ್ಕೆ ಹಣ ಸಲ್ಲಿಸುತ್ತದೆ. ಇಲ್ಲಿ ಶೇಕಡಾವಾರು ದರದ ಪ್ರಶ್ನೆ ಮುಖ್ಯವಾಗುವುದಿಲ್ಲ.

ಕಡಿಮೆ ದರಕ್ಕೆ ಪ್ರತಿಷ್ಠಾನಗಳು ಕೊಡುವ ಕಾರಣಗಳು ಹಲವು. ತಮ್ಮ ಹಣವು ಒಂದು ನಿರ್ದಿಷ್ಟ ಸಾಮಾಜಿಕ ಉದ್ದೇಶಕ್ಕೆ ಮೀಸಲಾದದ್ದು. ವಿಶ್ವವಿದ್ಯಾಲಯವನ್ನು ನಡೆಸುವ ಹೊಣೆ ತಮ್ಮದಲ್ಲ. ವಿಶ್ವವಿದ್ಯಾಲಯಗಳಿಗೆ ಸ್ವಂತ ದತ್ತಿನಿಧಿ, ಬೋಧನಾ ಶುಲ್ಕ, ರಾಜ್ಯಗಳ ನೆರವು ಇವೆ. ಸಂಶೋಧನೆ ಅವುಗಳದೇ ಧ್ಯೇಯವಾಗಿರುವುದರಿಂದ ಅವೂ ಕೈಜೋಡಿಸಬೇಕು. ಪಾವತಿಸುವವರು ಸುಮ್ಮನೆ ಪಾವತಿಸುತ್ತ ಹೋದರೆ ಆಡಳಿತ ವಿಭಾಗಗಳು ಬೆಳೆಯುತ್ತಲೇ ಹೋಗುತ್ತವೆ ಎಂಬ ಆತಂಕವೂ ಇದೆ. ಇದಲ್ಲದೆ, ಸರ್ಕಾರಿ ನಿಯಮದಲ್ಲಿ ಪರೋಕ್ಷವೆಂದು ಬಗೆಯಲಾಗುವ ಕೆಲವು ಬಾಬ್ತುಗಳನ್ನು ತಾವು ನೇರ ವೆಚ್ಚವಾಗಿ ಒಪ್ಪುತ್ತೇವೆ ಎಂದೂ ಅವು ಹೇಳುತ್ತವೆ. ಈ ಕೊನೆಯ ಮಾತು ನಿಜ. ಆದರೆ ಅದರ ಪ್ರಯೋಜನ ಪಡೆಯಲು ಪ್ರತಿಯೊಂದು ಅರ್ಜಿಯಲ್ಲೂ ಅಂತಹ ಬಾಬ್ತುಗಳನ್ನು ಹುಡುಕಿ ಬರೆಯಬಲ್ಲ ಅನುಭವಿ ಸಿಬ್ಬಂದಿ ಬೇಕು, ಮತ್ತು ಆ ಸಿಬ್ಬಂದಿಯ ಸಂಬಳವೂ ಪರೋಕ್ಷ ವೆಚ್ಚವೇ!

ದತ್ತಿ ಕ್ಷೇತ್ರದ ಒಳಗಿನಿಂದಲೂ ಟೀಕೆ ಬಂದಿದೆ. 2009ರಲ್ಲಿ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವಾರ್ಡ್ ಅವರು ಪ್ರಕಟಿಸಿದ ಲೇಖನವೊಂದು, ದಾನಿಗಳು ಅವಾಸ್ತವವಾದ ಕಡಿಮೆ ದರವನ್ನು ನಿರೀಕ್ಷಿಸುವುದು, ಸಂಸ್ಥೆಗಳು ಅದಕ್ಕೆ ತಕ್ಕಂತೆ ಖರ್ಚನ್ನು ಕಡಿಮೆಮಾಡಿ ತೋರಿಸುವುದು, ಅದನ್ನು ನೋಡಿ ದಾನಿಗಳ ನಿರೀಕ್ಷೆ ಮತ್ತಷ್ಟು ಇಳಿಯುವುದು ಎಂಬ ವಿಷವರ್ತುಲವನ್ನು ವಿವರಿಸಿ ಅದಕ್ಕೆ ಉಪವಾಸದ ಚಕ್ರ ಎಂಬರ್ಥದ ಹೆಸರನ್ನಿಟ್ಟಿತು. 2015ರಲ್ಲಿ ಫೋರ್ಡ್ ಪ್ರತಿಷ್ಠಾನವು ತನ್ನ ಯೋಜನಾ ಅನುದಾನಗಳ ಮೇಲಿನ ದರವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿತು. ಗಮನಿಸಬೇಕಾದ ಸಂಗತಿ ಎಂದರೆ, ಈ ಸುಧಾರಣೆಗಳ ಕಾಳಜಿ ಮುಖ್ಯವಾಗಿ ಸಣ್ಣ ಸ್ವಯಂಸೇವಾ ಸಂಸ್ಥೆಗಳ ಕುರಿತಾಗಿತ್ತು. ವಿಶ್ವವಿದ್ಯಾಲಯಗಳು ಶ್ರೀಮಂತವೆಂಬ ಭಾವನೆ ಹೆಚ್ಚೇನೂ ಬದಲಾಗಲಿಲ್ಲ.

ಕೊರತೆಯನ್ನು ತುಂಬುವ ಬಗೆ

ಸರ್ಕಾರ ಕೊಡುವ ಹಣದಲ್ಲಿ ಪ್ರತಿಷ್ಠಾನದ ಕೆಲಸವೂ ನಡೆದುಹೋಗುತ್ತದೆ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಅಮೆರಿಕದ ಲೆಕ್ಕದ ನಿಯಮ ಇದಕ್ಕೆ ಆಸ್ಪದ ಕೊಡುವುದಿಲ್ಲ. ದರವನ್ನು ನಿಗದಿಪಡಿಸುವಾಗ ಪ್ರತಿಷ್ಠಾನಗಳ ಹಣದಿಂದ ನಡೆಯುವ ಸಂಶೋಧನೆಯನ್ನೂ ಭಾಜಕದಲ್ಲಿ ಸೇರಿಸಲೇಬೇಕು. ಹೀಗಾಗಿ ಆ ಸಂಶೋಧನೆಯ ಪಾಲಿಗೆ ಬರುವ ಪರೋಕ್ಷ ವೆಚ್ಚವು ಸರ್ಕಾರದ ದರದೊಳಗೆ ನುಸುಳುವುದಿಲ್ಲ. ಅದು ವಿಶ್ವವಿದ್ಯಾಲಯದ ಹೆಗಲ ಮೇಲೆಯೇ ಉಳಿಯುತ್ತದೆ. ಆದರೆ ಇನ್ನೊಂದು ಅರ್ಥದಲ್ಲಿ ಆ ಅಭಿಪ್ರಾಯದಲ್ಲಿ ಸತ್ಯಾಂಶವಿದೆ: ಸರ್ಕಾರದ ಅನುದಾನಗಳ ಭರವಸೆಯ ಮೇಲೆ ಕಟ್ಟಿದ ಪ್ರಯೋಗಾಲಯಗಳು ಇಲ್ಲದಿದ್ದರೆ ಪ್ರತಿಷ್ಠಾನಗಳ ಅನುದಾನವನ್ನು ಬಳಸಲು ಸ್ಥಳವೇ ಇರುತ್ತಿರಲಿಲ್ಲ.

2023ರ ಆರ್ಥಿಕ ವರ್ಷದಲ್ಲಿ ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳು ಸಂಶೋಧನೆ ಮತ್ತು ಅಭಿವೃದ್ಧಿಗೆ ಸುಮಾರು 10,900 ಕೋಟಿ ಡಾಲರ್ ವೆಚ್ಚ ಮಾಡಿದವು. ಇದರಲ್ಲಿ ಕೇಂದ್ರ ಸರ್ಕಾರದ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸಂಸ್ಥೆಗಳು ತಮ್ಮದೇ ಹಣದಿಂದ ಹಾಕಿದ್ದು ಕಾಲುಭಾಗದಷ್ಟು. ಲಾಭರಹಿತ ಸಂಸ್ಥೆಗಳ, ಅಂದರೆ ಪ್ರತಿಷ್ಠಾನಗಳೂ ಸೇರಿದಂತೆ ಎಲ್ಲ ದತ್ತಿಗಳ ಪಾಲು ಶೇ. 6ರ ಆಸುಪಾಸು. ಈ ಪ್ರಮಾಣ ಸಣ್ಣದಾಗಿರುವ ಕಾರಣದಿಂದಲೇ ದೊಡ್ಡ ವಿಶ್ವವಿದ್ಯಾಲಯಗಳು ಕಡಿಮೆ ದರವನ್ನು ಸಹಿಸಿಕೊಂಡು ಬಂದಿವೆ. ಹತ್ತು ಜನರ ಊಟಕ್ಕೆ ಅಡುಗೆಯಾಗಿರುವ ಮನೆಯಲ್ಲಿ ಹನ್ನೊಂದನೆಯವರು ಕುಳಿತರೆ ಕಷ್ಟವಾಗುವುದಿಲ್ಲ. ಇಪ್ಪತ್ತು ಜನ ಬಂದರೆ ಆಗುತ್ತದೆ.

ಸಣ್ಣ ಸಂಸ್ಥೆಗಳ ಸ್ಥಿತಿ ಹೀಗಿಲ್ಲ. ದೊಡ್ಡ ದತ್ತಿನಿಧಿಯಾಗಲಿ ಆಸ್ಪತ್ರೆಯ ಆದಾಯವಾಗಲಿ ಇಲ್ಲದ ವಿಶ್ವವಿದ್ಯಾಲಯಕ್ಕೆ ಪ್ರತಿಷ್ಠಾನವೊಂದರ ದೊಡ್ಡ ಅನುದಾನ ದೊರೆತರೆ, ಗೌರವದ ಜೊತೆಗೆ ನಷ್ಟವೂ ಬರುತ್ತದೆ. ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರಕಟಿತ ನೀತಿಯುಳ್ಳ ಪ್ರತಿಷ್ಠಾನಗಳ ದರವನ್ನು ತಾವಾಗಿ ಒಪ್ಪುತ್ತವೆ. ಲಿಖಿತ ನೀತಿ ಇಲ್ಲದಿದ್ದರೆ ಪೂರ್ಣ ದರವನ್ನು ಕೇಳುತ್ತವೆ ಅಥವಾ ರಿಯಾಯಿತಿಗೆ ಸಂಶೋಧಕರಿಂದ ಪ್ರತ್ಯೇಕ ಅರ್ಜಿ ಪಡೆಯುತ್ತವೆ. ಕೆಲವೆಡೆ ಕೊರತೆಯ ಒಂದು ಭಾಗವನ್ನು ಆಯಾ ವಿಭಾಗವೇ ಭರಿಸಬೇಕಾಗುತ್ತದೆ. ಆಗ ಅನುದಾನ ತಂದ ಪ್ರಾಧ್ಯಾಪಕರಿಗೂ ಅದರ ಹೊರೆ ಹೊತ್ತ ವಿಭಾಗಕ್ಕೂ ನಡುವೆ ಮನಸ್ತಾಪ ಬರುವುದುಂಟು.

ಬ್ರಿಟನ್‌ನಲ್ಲಿ

ಬ್ರಿಟನ್‌ನಲ್ಲಿ ವೈದ್ಯಕೀಯ ಸಂಶೋಧನೆಯ ಬಹುದೊಡ್ಡ ಪಾಲನ್ನು ದತ್ತಿಗಳು ಹೊತ್ತಿವೆ. 1936ರಲ್ಲಿ ಸ್ಥಾಪಿತವಾದ ವೆಲ್ಕಮ್ ಟ್ರಸ್ಟ್, ಕ್ಯಾನ್ಸರ್ ರಿಸರ್ಚ್ ಯುಕೆ, ಬ್ರಿಟಿಷ್ ಹಾರ್ಟ್ ಫೌಂಡೇಶನ್ ಇವುಗಳಲ್ಲಿ ಪ್ರಮುಖವಾದವು. ಇವು ಸಾಮಾನ್ಯವಾಗಿ ದೇಶದ ವಿಶ್ವವಿದ್ಯಾಲಯಗಳಿಗೆ ನೇರ ವೆಚ್ಚವನ್ನು ಮಾತ್ರ ಕೊಡುತ್ತವೆ. ಅಮೆರಿಕದ ಪ್ರತಿಷ್ಠಾನಗಳಂತೆ ಒಬ್ಬ ಶ್ರೀಮಂತನ ಆಸ್ತಿಯಿಂದಲ್ಲದೆ, ಹಳೆಯ ಬಟ್ಟೆ ಮಾರುವ ಅಂಗಡಿಗಳಿಂದ, ಓಟದ ಸ್ಪರ್ಧೆಗಳಿಂದ, ಮೃತರ ಉಯಿಲುಗಳಿಂದ ಹಣ ಕೂಡಿಸುವ ದತ್ತಿಗಳು ಇಲ್ಲಿ ಹಲವಿವೆ. ಕ್ಯಾನ್ಸರಿಗೆ ಔಷಧ ಸಿಗಲೆಂದು ಕೊಟ್ಟ ಹಣವು ಕಟ್ಟಡದ ಬಿಲ್ಲಿಗೆ ಹೋಗಬಾರದೆಂಬ ದಾನಿಯ ಭಾವನೆಯನ್ನು ಅವು ಕಡೆಗಣಿಸಲಾರವು.

ಅಲ್ಲಿನ ವಿಶ್ವವಿದ್ಯಾಲಯಗಳು 2005ರಿಂದ ಪೂರ್ಣ ಆರ್ಥಿಕ ವೆಚ್ಚ ಎಂಬ ಪದ್ಧತಿಯಲ್ಲಿ ಲೆಕ್ಕ ಹಾಕುತ್ತವೆ. ಸರ್ಕಾರದ ಸಂಶೋಧನಾ ಮಂಡಳಿಗಳು ಇದರ ಶೇ. 80ನ್ನು ಕೊಡುತ್ತವೆ. ದತ್ತಿಗಳಿಂದ ವಾಪಸು ಬರುವುದು ಶೇ. 60ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಈ ಅಂತರಕ್ಕಾಗಿ ಸರ್ಕಾರವೇ ದತ್ತಿ ಸಂಶೋಧನಾ ಬೆಂಬಲ ನಿಧಿ ಎಂಬುದನ್ನು ಏರ್ಪಡಿಸಿದೆ. ದತ್ತಿಯೊಂದು ಮುಕ್ತ ಸ್ಪರ್ಧೆಯ ಮೂಲಕ, ತಜ್ಞರ ವಿಮರ್ಶೆಗೆ ಒಳಪಡಿಸಿ ಕೊಟ್ಟ ಅನುದಾನವಾಗಿದ್ದರೆ, ಅದರ ಪ್ರಮಾಣಕ್ಕೆ ಅನುಗುಣವಾಗಿ ವಿಶ್ವವಿದ್ಯಾಲಯಕ್ಕೆ ಈ ನಿಧಿಯಿಂದ ಹಣ ಬರುತ್ತದೆ. ಇಂಗ್ಲೆಂಡಿನಲ್ಲಿ 2018ರಿಂದ ರಿಸರ್ಚ್ ಇಂಗ್ಲೆಂಡ್ ಇದನ್ನು ಹಂಚುತ್ತಿದೆ. ಇದರ ವಾರ್ಷಿಕ ಮೊತ್ತವು 2010ರ ನಂತರದ ಹಲವು ವರ್ಷಗಳ ಕಾಲ 19.8 ಕೋಟಿ ಪೌಂಡ್‌ನಲ್ಲಿ ನಿಂತಿತ್ತು, ಬಳಿಕ 20.4 ಕೋಟಿಗೆ ಏರಿತು. ದತ್ತಿಗಳ ಅನುದಾನ ಬೆಳೆದಂತೆ ನಿಧಿ ಬೆಳೆಯಲಿಲ್ಲವೆಂಬುದು ವಿಶ್ವವಿದ್ಯಾಲಯಗಳ ಮತ್ತು ದತ್ತಿಗಳ ಸಮಾನ ದೂರು. ಹಾಗಿದ್ದರೂ ದತ್ತಿಯ ಹಣಕ್ಕೆ ತೆರಿಗೆಯ ಹಣವನ್ನು ಬಹಿರಂಗವಾಗಿ, ಲೆಕ್ಕವಿಟ್ಟು ಜೋಡಿಸುವ ಈ ಏರ್ಪಾಡು ಅಮೆರಿಕದಲ್ಲಿ ಇಲ್ಲ.

ಐರೋಪ್ಯ ಒಕ್ಕೂಟದ ಹೊರೈಜನ್ ಯುರೋಪ್ ಕಾರ್ಯಕ್ರಮದಲ್ಲಿ ಎಲ್ಲ ಸಂಸ್ಥೆಗಳಿಗೂ ಒಂದೇ ರೀತಿಯ ಶೇ. 25ರ ದರವಿದೆ.

ಭಾರತದಲ್ಲಿ

ಭಾರತದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ರೂಢಿಯಲ್ಲಿ ಒಂದು ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಶಿಕ್ಷಣ ಸಂಸ್ಥೆಗಳಿಗೆ ಶೇ. 10, ಸರ್ಕಾರಿ ಪ್ರಯೋಗಾಲಯಗಳಿಗೆ ಶೇ. 8 ಓವರ್‌ಹೆಡ್ ದೊರೆಯುತ್ತದೆ. ಅದಕ್ಕಿಂತ ದೊಡ್ಡ ಯೋಜನೆಗಳಿಗೆ ಮೊತ್ತದ ಮಿತಿಯಿದೆ. ಇಲ್ಲಿ ಸಂಸ್ಥೆಗಳ ಕಟ್ಟಡ, ಕಾಯಂ ಸಿಬ್ಬಂದಿಯ ಸಂಬಳ ಮೊದಲಾದವು ಬೇರೆ ಸರ್ಕಾರಿ ಅನುದಾನದಿಂದ ನಡೆಯುತ್ತವೆ ಎಂಬ ಊಹೆಯ ಮೇಲೆ ಈ ದರ ನಿಂತಿದೆ. ಆ ಅನುದಾನ ಸಾಕಷ್ಟು ಬಾರದ ರಾಜ್ಯ ವಿಶ್ವವಿದ್ಯಾಲಯಗಳಿಗೂ ಇದೇ ದರ ಅನ್ವಯಿಸುತ್ತದೆ.

ವಿದೇಶಿ ಪ್ರತಿಷ್ಠಾನಗಳ ನೀತಿ ಇಲ್ಲಿ ಸ್ವಲ್ಪ ಭಿನ್ನ. ಸ್ವದೇಶದಲ್ಲಿ ಪರೋಕ್ಷ ವೆಚ್ಚ ಕೊಡದ ವೆಲ್ಕಮ್, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಸಂಸ್ಥೆಗಳಿಗೆ ನೇರ ವೆಚ್ಚದ ಶೇ. 20ರವರೆಗೆ ಕೊಡುತ್ತದೆ, ಆ ದೇಶಗಳಲ್ಲಿ ಬ್ರಿಟನ್‌ನ ಬೆಂಬಲ ನಿಧಿಯಂತಹದು ಇಲ್ಲದಿರುವುದು ಇದಕ್ಕೆ ಹೊಂದುವ ಕ್ರಮ. ವೆಲ್ಕಮ್ ಮತ್ತು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ಜಂಟಿಯಾಗಿ 2008ರಲ್ಲಿ ಆರಂಭಿಸಿದ ಇಂಡಿಯಾ ಅಲೈಯನ್ಸ್ ಹೈದರಾಬಾದಿನಿಂದ ಕಾರ್ಯ ನಿರ್ವಹಿಸುತ್ತದೆ.

ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯು, ವಿದೇಶಿ ಹಣದಲ್ಲಿ ಆಡಳಿತಕ್ಕೆ ಬಳಸಬಹುದಾದ ಗರಿಷ್ಠ ಪ್ರಮಾಣವನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಸಂಶೋಧನೆಯೇ ಮುಖ್ಯ ಕೆಲಸವಾಗಿರುವ ಸಂಸ್ಥೆಗಳಲ್ಲಿ ಕ್ಷೇತ್ರದ ಮಾಹಿತಿಯನ್ನು ಸಂಗ್ರಹಿಸುವ, ವಿಶ್ಲೇಷಿಸುವ ಸಿಬ್ಬಂದಿಯ ಸಂಬಳವನ್ನು ನಿಯಮಗಳು ಆಡಳಿತ ವೆಚ್ಚವೆಂದು ಗಣಿಸುವುದಿಲ್ಲ. ಕೇಂದ್ರ ಅಥವಾ ರಾಜ್ಯ ಶಾಸನದಿಂದ ಸ್ಥಾಪಿತವಾಗಿ ಮಹಾಲೇಖಪಾಲರ ಲೆಕ್ಕಪರಿಶೋಧನೆಗೆ ಒಳಪಡುವ ಸಂಸ್ಥೆಗಳಿಗೆ ಕಾಯಿದೆಯಿಂದ ವಿನಾಯಿತಿ ಇದೆ. ಆದ್ದರಿಂದ ಈ ಮಿತಿಯ ಬಿಸಿ ತಟ್ಟುವುದು ಹೆಚ್ಚಾಗಿ ಸ್ವತಂತ್ರ ಸಂಶೋಧನಾ ಟ್ರಸ್ಟುಗಳಿಗೆ.

ಕರ್ನಾಟಕದಲ್ಲಿ, ದಾನದಿಂದ ಹುಟ್ಟಿದ ಸಂಸ್ಥೆಗೆ ನಿತ್ಯದ ಖರ್ಚನ್ನು ಯಾರು ಕೊಡಬೇಕೆಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಆರಂಭದಷ್ಟು ಹಳೆಯದು. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೂಲನಿಧಿಯನ್ನು ಒದಗಿಸಿದ್ದು ಜಮ್‌ಸೆಟ್‌ಜಿ ಟಾಟಾ ಅವರ ಆಸ್ತಿ. ಭೂಮಿಯನ್ನೂ ವಾರ್ಷಿಕ ನೆರವನ್ನೂ ಕೊಟ್ಟಿದ್ದು ಮೈಸೂರು ಸಂಸ್ಥಾನ. ಭಾರತ ಸರ್ಕಾರವೂ ವಾರ್ಷಿಕ ಅನುದಾನ ಕೊಟ್ಟಿತು. ಅದೇ ಸಂಸ್ಥೆಗೆ 2022ರಲ್ಲಿ ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ ಹಾಗೂ ರಾಧಾ ಮತ್ತು ಎನ್. ಎಸ್. ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆಗಾಗಿ 425 ಕೋಟಿ ರೂಪಾಯಿಗಳ ದೇಣಿಗೆಯನ್ನು ಘೋಷಿಸಿದರು. ಇಂತಹ ದೇಣಿಗೆಯು ಯೋಜನಾ ಅನುದಾನಕ್ಕಿಂತ ಭಿನ್ನ. ಇದು ಅಮೆರಿಕದ ಪ್ರತಿಷ್ಠಾನಗಳು ಕೊಡಲು ಹಿಂಜರಿಯುವ ಕಟ್ಟಡ ಮತ್ತು ಸೌಲಭ್ಯಕ್ಕೇ ನೇರವಾಗಿ ಸಲ್ಲುವಂತಹುದು.

2025ರ ವಿವಾದ

2017ರಲ್ಲಿ ಅಮೆರಿಕ ಸರ್ಕಾರವು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನದಲ್ಲಿ ಪರೋಕ್ಷ ವೆಚ್ಚಕ್ಕೆ ಶೇ. 10ರ ಮಿತಿ ಹಾಕಲು ಯೋಚಿಸಿದಾಗ, ಪ್ರತಿಷ್ಠಾನಗಳ ದರವನ್ನೇ ಮಾದರಿಯಾಗಿ ತೋರಿಸಲಾಗಿತ್ತು. ಸಂಸತ್ತು ಇದಕ್ಕೆ ಒಪ್ಪದೆ, ದರ ನಿಗದಿಯ ಕ್ರಮವನ್ನು ಬದಲಿಸಬಾರದೆಂಬ ಷರತ್ತನ್ನು 2018ರಿಂದ ಧನವಿನಿಯೋಗ ಕಾಯಿದೆಗಳಲ್ಲಿ ಸೇರಿಸುತ್ತ ಬಂದಿತು.

2025ರ ಫೆಬ್ರವರಿ 7ರಂದು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಹಳೆಯ ಹೊಸ ಅನುದಾನಗಳೆಲ್ಲಕ್ಕೂ ಶೇ. 15ರ ಏಕರೂಪ ದರವನ್ನು ಘೋಷಿಸಿದವು. 2023ರಲ್ಲಿ ಹಂಚಿದ ಸುಮಾರು 3,500 ಕೋಟಿ ಡಾಲರಿನಲ್ಲಿ 900 ಕೋಟಿ ಪರೋಕ್ಷ ವೆಚ್ಚಕ್ಕೆ ಹೋಯಿತೆಂದು ಆ ಪ್ರಕಟಣೆ ಹೇಳಿತು. ಗೇಟ್ಸ್, ರಾಬರ್ಟ್ ವುಡ್ ಜಾನ್ಸನ್, ಪ್ಯಾಕರ್ಡ್, ಟೆಂಪಲ್ಟನ್ ಮುಂತಾದ ಪ್ರತಿಷ್ಠಾನಗಳ ದರಗಳನ್ನು ಪಟ್ಟಿಮಾಡಿ, ಅವುಗಳಿಂದ ಕಡಿಮೆ ದರವನ್ನು ವಿಶ್ವವಿದ್ಯಾಲಯಗಳು ಸಂತೋಷದಿಂದ ಸ್ವೀಕರಿಸುತ್ತಿರುವಾಗ ತೆರಿಗೆದಾರರು ಏಕೆ ಹೆಚ್ಚು ಕೊಡಬೇಕೆಂಬ ವಾದವನ್ನು ಮುಂದಿಟ್ಟಿತು. ಎಷ್ಟೋ ವರ್ಷ ಔದಾರ್ಯದಿಂದ ಒಪ್ಪಿಕೊಂಡ ರಿಯಾಯಿತಿಯೇ ವಿಶ್ವವಿದ್ಯಾಲಯಗಳ ವಿರುದ್ಧದ ಸಾಕ್ಷ್ಯವಾಯಿತು.

22 ರಾಜ್ಯಗಳು, ವೈದ್ಯಕೀಯ ಕಾಲೇಜುಗಳ ಸಂಘ, ವಿಶ್ವವಿದ್ಯಾಲಯಗಳ ಸಂಘಗಳು ನ್ಯಾಯಾಲಯಕ್ಕೆ ಹೋದವು. ಪ್ರತಿಷ್ಠಾನಗಳ ದರದ ಆಧಾರ ಮೊತ್ತ ಬೇರೆ, ವೆಚ್ಚದ ವ್ಯಾಖ್ಯೆ ಬೇರೆ, ಒಟ್ಟು ಸಂಶೋಧನೆಯಲ್ಲಿ ಅವುಗಳ ಪಾಲು ಅತ್ಯಲ್ಪ ಎಂಬುದು ವಿಶ್ವವಿದ್ಯಾಲಯಗಳ ಉತ್ತರವಾಗಿತ್ತು. ಮ್ಯಾಸಚೂಸೆಟ್ಸ್‌ನ ಕೇಂದ್ರ ಜಿಲ್ಲಾ ನ್ಯಾಯಾಧೀಶೆ ಏಂಜೆಲ್ ಕೆಲ್ಲಿ ಅವರು ಮೊದಲು ತಾತ್ಕಾಲಿಕ ತಡೆಯನ್ನೂ 2025ರ ಏಪ್ರಿಲ್‌ನಲ್ಲಿ ಶಾಶ್ವತ ತಡೆಯಾಜ್ಞೆಯನ್ನೂ ನೀಡಿದರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಇಂಧನ ಇಲಾಖೆ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮತ್ತು ರಕ್ಷಣಾ ಇಲಾಖೆಗಳು ಅದೇ ವರ್ಷ ಪ್ರಕಟಿಸಿದ ಇಂತಹುದೇ ಮಿತಿಗಳೂ ಮೊಕದ್ದಮೆಗಳನ್ನು ಎದುರಿಸಿದವು.

ಪರ್ಯಾಯವಾಗಿ, ವಿಶ್ವವಿದ್ಯಾಲಯಗಳ ಸಂಘಗಳ ಜಂಟಿ ಗುಂಪು ಕೆಲ್ವಿನ್ ಡ್ರೋಗಮೈಯರ್ ಅವರ ಮುಂದಾಳುತನದಲ್ಲಿ 2025ರ ಬೇಸಿಗೆಯಲ್ಲಿ ಹೊಸ ಮಾದರಿಯೊಂದನ್ನು ಮುಂದಿಟ್ಟಿತು. ಈಗ ಪರೋಕ್ಷವೆಂದು ಕರೆಯಲಾಗುವ ಬಾಬ್ತುಗಳಲ್ಲಿ ಸಾಧ್ಯವಾದಷ್ಟನ್ನು ಆಯಾ ಯೋಜನೆಯ ಲೆಕ್ಕದಲ್ಲಿಯೇ ಬಿಡಿಸಿ ತೋರಿಸುವುದು ಅದರ ತಿರುಳು. ಪ್ರತಿಷ್ಠಾನಗಳು ತಮ್ಮ ಅರ್ಜಿಗಳಲ್ಲಿ ಬಹುಕಾಲದಿಂದ ಕೇಳುತ್ತ ಬಂದಿರುವುದೂ ಹೆಚ್ಚುಕಡಿಮೆ ಇದೇ ಕ್ರಮವನ್ನು.